ತೌಡು ಮೆತ್ತಿದ ಕೋಟು

ಗಂಗಾವತಿ ನಿಲ್ದಾಣದಲ್ಲಿ ಕುಷ್ಟಗಿ ಬಸ್ಸಿಗೆ ಕಾಯುತ್ತ ಇದನ್ನು ಬರೆಯುತ್ತಿದ್ದೇನೆ. ಕೋಟಿನ ಎರಡೂ ತೋಳು ಇನ್ನೂ ಒಣಗಿಲ್ಲ.

ಇಲ್ಲಿನ ಬಸಣ್ಣನವರು ತಮ್ಮ ಅಕ್ಕಿ ಗಿರಣಿ ದೊಡ್ಡದು ಮಾಡಲು ಸಾಲ ಕೇಳಿದ್ದರು. ಅಲ್ಲಿ ಏನೇನು ಪೋಲಾಗುತ್ತದೆ ಎಂದು ನೋಡಿ ಬರಲು ಬ್ಯಾಂಕು ನನ್ನನ್ನು ಕಳಿಸಿತ್ತು. ಹೊಟ್ಟು ಒಲೆಗೆ, ಅದರ ಬೂದಿ ಓಣಿಯವರ ಪಾತ್ರೆ ತಿಕ್ಕಲು, ನುಚ್ಚು ಕೂಲಿಯವರ ಮನೆಗೆ, ತೌಡು ಎಮ್ಮೆಗೆ.

"ನಮ್ಮ ಗಿರಣ್ಯಾಗ ಏನೂ ಹಾಳಾಗಂಗಿಲ್ರಿ ಸಾಹೇಬ್ರ" ಎಂದರು ಬಸಣ್ಣನವರು.

ಒಂದಾದರೂ ತಪ್ಪು ಹುಡುಕದೆ ಹೋದರೆ ಮ್ಯಾನೇಜರರಿಗೆ ಏನು ಮುಖ ತೋರಿಸಲಿ? ಅಂಗಳಕ್ಕೆ ಬಂದಾಗ ಸಿಕ್ಕಿತು. ತೌಡಿನ ಧೂಳು ಮೆತ್ತಿ ನನ್ನ ಕಪ್ಪು ಕೋಟು ಬೆಳ್ಳಗಾಗಿತ್ತು.

"ಹಾರಿ ಹೋಗುವ ಈ ತೌಡು ನಷ್ಟವಲ್ಲವೇನ್ರಿ?" ಎಂದು ಗೆದ್ದ ವಕೀಲನಂತೆ ತೋಳು ಚಾಚಿದೆ.

ಬಸಣ್ಣನವರು ಉತ್ತರ ಕೊಡುವ ಮೊದಲೇ, ಅಲ್ಲಿ ಕಟ್ಟಿದ್ದ ಅವರ ಎಮ್ಮೆ ಕತ್ತು ನೀಡಿ ನನ್ನ ತೋಳನ್ನು ಮೊಣಕೈಯಿಂದ ಮುಂಗೈವರೆಗೆ ನೆಕ್ಕಿತು. ತೋಳು ಮತ್ತೆ ಕಪ್ಪಾಯಿತು.

"ಬರಕೊಳ್ರಿ, ಇದೂ ಹಾಳಾಗಲಿಲ್ಲ" ಎಂದು ಬಸಣ್ಣನವರು ಎಮ್ಮೆಯ ಬೆನ್ನು ತಟ್ಟಿದರು. "ಈಗ ಆ ತೋಳೂ ಚಾಚ್ರಿ ಸಾಹೇಬ್ರ. ನಿಮ್ಮ ಚಹಾಕ್ಕ ಇನ್ನೂ ಹಾಲು ಹಿಂಡಬೇಕು."