ಈ ಸಲ ಎಡಗಾಲು

ಕಾಲು ತೊಳೆಸಿಕೊಳ್ಳಲು ಹೋಗುವವರು ಮೊದಲು ಏನು ಮಾಡುತ್ತಾರೆ? ಕಾಲು ತೊಳೆದುಕೊಳ್ಳುತ್ತಾರೆ.

ನಗಬೇಡಿ. ನಾನಂತೂ ಎರಡು ಸಲ ತೊಳೆದುಕೊಂಡೆ. ಒಮ್ಮೆ ಸಾಬೂನಿನಲ್ಲಿ, ಒಮ್ಮೆ ಹೆಂಡತಿಯ ಶ್ಯಾಂಪೂವಿನಲ್ಲಿ. ಉಗುರು ಕತ್ತರಿಸಿ, ಹಿಮ್ಮಡಿಯನ್ನು ಕಲ್ಲಿನಿಂದ ಉಜ್ಜಿ, ಕೊಬ್ಬರಿ ಎಣ್ಣೆ ಸವರಿದೆ. ಬಲಗಾಲಿಗೆ ಮಾತ್ರ.

ವಿಷಯ ಇಷ್ಟೇ. ಪವಿತ್ರ ಗುರುವಾರದ ಸಂಜೆ ಕಾರವಾರದ ನಮ್ಮ ಇಗರ್ಜಿಯಲ್ಲಿ ಫಾದರ್ ಹನ್ನೆರಡು ಮಂದಿಯ ಕಾಲು ತೊಳೆಯುತ್ತಾರೆ. ಯೇಸು ತನ್ನ ಶಿಷ್ಯರ ಕಾಲು ತೊಳೆದ ನೆನಪಿಗೆ. ಗುರುವೇ ಬಾಗಿದ, ನೀವೂ ಬಾಗಿ ಎಂಬುದು ಅದರ ಅರ್ಥ. ಈ ವರ್ಷ ಹನ್ನೆರಡರಲ್ಲಿ ನನ್ನ ಹೆಸರೂ ಬಂತು. ವಿನಯದ ಪಾಠಕ್ಕೆ ಆಯ್ಕೆಯಾದೆನೆಂದು ಸದಾಶಿವಗಡದ ನಮ್ಮ ಕೇರಿಯಲ್ಲಿ ಎದೆಯುಬ್ಬಿಸಿ ಹೇಳಿಕೊಂಡು ತಿರುಗಿದೆ.

ತೊಳೆಯುವುದು ಬಲಗಾಲು. ಯಾವಾಗಲೂ ಬಲಗಾಲೇ. ಹಾಗಾಗಿ ಎಡಗಾಲು ಸಾಕ್ಸಿನೊಳಗೆ ನೆಮ್ಮದಿಯಾಗಿತ್ತು. ಅದು ಅಲ್ಲಿಯೇ ಇರಬೇಕಿತ್ತು. ಏಕೆಂದರೆ ಹೆಬ್ಬೆರಳಿನ ಪಕ್ಕ ಹೊಸ ಶೂ ಕಚ್ಚಿದ ಗಾಯವೊಂದು ತಿಂಗಳಾದರೂ ಮಾಯದೆ ಕೂತಿತ್ತು.

ಮಾಯದ ಗಾಯ ಎಂದರೆ ಏನೆಂದು ನಿಮಗೆ ಗೊತ್ತು. ನನಗೂ ಗೊತ್ತಿತ್ತು. ಗುಟ್ಟಾಗಿ ರಕ್ತ ಪರೀಕ್ಷೆ ಮಾಡಿಸಿದೆ. ಶುಗರ್ ಇತ್ತು. ಹೇಳುವುದು ಯಾರಿಗೆ? ನಮ್ಮ ಮನೆಯಲ್ಲಿ ಶುಗರ್ ಪೇಶೆಂಟ್ ಹುದ್ದೆ ನನ್ನ ಹೆಂಡತಿ ಫಿಲೋಮಿನಾಳದ್ದು. ಅವಳ ಕೈಯಿಂದ ಲಾಡು ಕಸಿದುಕೊಳ್ಳುವ ಹುದ್ದೆ ನನ್ನದು. ಶಿಸ್ತು, ವಾಕಿಂಗು, ಮಿತ ಆಹಾರ ಎಂದು ಇದೇ ಅಂಕಣದಲ್ಲಿ ನಿಮಗೂ ಕೊರೆದಿದ್ದೇನೆ. (ಓದಿದವರು ದಯವಿಟ್ಟು ಮರೆತುಬಿಡಿ.) ಇಂಥ ಮನುಷ್ಯನಿಗೆ ಶುಗರ್ ಬರಬಹುದೇ? ಬಂದರೂ ಬಾಯಿಬಿಡಬಹುದೇ? ಕಾಲು ಬೇಕಾದರೆ ಹೋಗಲಿ, ಮರ್ಯಾದೆ ಉಳಿಯಲಿ ಎಂದು ಸಾಕ್ಸ್ ಏರಿಸಿಕೊಂಡು ಓಡಾಡುತ್ತಿದ್ದೆ.

ಪೀಠದ ಮುಂದೆ ಹನ್ನೆರಡು ಕುರ್ಚಿ. ನನ್ನ ಪಕ್ಕ ಬೋಟಿನ ಇಂಜಿನ್ ರಿಪೇರಿ ಮಾಡುವ ಪಾವ್ಲು. ಅವನ ಬಲಗಾಲು ಸೀಮೆಎಣ್ಣೆಯಲ್ಲಿ ಉಜ್ಜಿ ಉಜ್ಜಿ ಕೆಂಪಾಗಿತ್ತು. ಎಡಗಾಲು ಇಂಜಿನ್ನಿನ ಬಣ್ಣದಲ್ಲೇ ಇತ್ತು. ಆಚೆ ಕೂತ ಟೀಚರೊಬ್ಬರು ಬಲಗಾಲಿಗಷ್ಟೇ ನೈಲ್ ಪಾಲಿಶ್ ಹಚ್ಚಿಕೊಂಡು ಬಂದಿದ್ದರು. ನಾನೊಬ್ಬನೇ ಅಲ್ಲವಲ್ಲ ಎಂದು ಸಮಾಧಾನವಾಯಿತು.

ಫಾದರ್ ಹೊಸಬರು. ಕಳೆದ ವರ್ಷದವರೆಗೆ ಅಂಕೋಲೆ ಕಡೆ ಇದ್ದವರು. ಸೊಂಟಕ್ಕೆ ಟವೆಲ್ ಕಟ್ಟಿಕೊಂಡು, ನೀರಿನ ಹೂಜಿ ಹಿಡಿದು ಬಂದವರು ನಮ್ಮ ಕಾಲುಗಳನ್ನೊಮ್ಮೆ ನೋಡಿ ನಿಂತುಬಿಟ್ಟರು.

"ಅಂಕೋಲೆಲೂ ಹಿಂಗೇ ಆಗಿತ್ತು. ಎಲ್ಲರೂ ಫಳಫಳ ತೊಳ್ಕಂಡೇ ಬಂದಿದ್ರು. ನಂಗೆ ಕೆಲ್ಸವೇ ಇರ್ಲಿಲ್ಲ. ಈ ಸಲ ಎಡಗಾಲು ಕೊಡಿ," ಎಂದರು.

ಬೆಂಚುಗಳಲ್ಲಿ ನಗು ಎದ್ದಿತು. ಕುರ್ಚಿಗಳಲ್ಲಿ ಏಳಲಿಲ್ಲ.

ಪಾವ್ಲು ಹೇಗೋ ಕೊಟ್ಟುಬಿಟ್ಟ. ಬೋಗುಣಿಯ ನೀರು ಕರ್ರಗಾಯಿತು. ಅವನು ಹಲ್ಲು ಕಿರಿದ. ಮುಂದಿನವನು ನಾನು.

"ಫಾದರ್, ನಂದು ಬಲಗಾಲೇ ಇರ್ಲಿ," ಎಂದೆ ಮೆಲ್ಲಗೆ.

"ಯಾಕೆ, ಎಡಗಾಲು ಮನೇಲಿ ಬಿಟ್ಟಿಕ್ಕಿ ಬಂದ್ರಾ?"

ಮೂರನೇ ಬೆಂಚಿನಿಂದ ಫಿಲೋಮಿನಾ ಕತ್ತು ಉದ್ದ ಮಾಡಿ ನೋಡುತ್ತಿದ್ದಳು. ಎದ್ದು ಹೋಗಿಬಿಡಲೇ? (ಮೊದಲ ಹನ್ನೆರಡರಲ್ಲಿ ಹಾಗೆ ಎದ್ದು ಹೋದವನು ಯೇಸುವನ್ನು ಹಿಡಿದುಕೊಟ್ಟ ಯೂದ. ಇಂದಿಗೂ ಅವನ ಹೆಸರನ್ನು ಯಾರೂ ಮಕ್ಕಳಿಗೆ ಇಡುವುದಿಲ್ಲ.) ಸಾಕ್ಸ್ ಕಳಚಿದೆ. ಗಾಯಕ್ಕೆ ಅಂಟಿಸಿದ್ದ ಪಟ್ಟಿಯೂ ಜೊತೆಗೇ ಕಿತ್ತು ಬಂತು.

ಫಾದರ್ ಮುಖದ ನಗು ಹೋಯಿತು. ನೀರು ಹಾಕಲಿಲ್ಲ. ಟವೆಲಿನ ತುದಿ ಒದ್ದೆ ಮಾಡಿ, ಗಾಯಕ್ಕೆ ತಾಗದಂತೆ ಹಿಮ್ಮಡಿ ಒರೆಸಿದರು. ನನಗಷ್ಟೇ ಕೇಳುವಂತೆ, "ಮನೇಲಿ ಗೊತ್ತದ್ಯಾ?" ಎಂದರು. ಇಲ್ಲವೆಂದು ತಲೆಯಾಡಿಸಿದೆ. "ಇವತ್ತೇ ಹೇಳಿ. ನಾಳೆ ಡಾಕ್ಟರ ಹತ್ರ ಹೋಗಿ," ಎಂದವರು ಬಾಗಿ ಆ ಪಾದಕ್ಕೆ ಮುತ್ತಿಟ್ಟರು.

ನಾನೇ ನೋಡಲು ಹೇಸುತ್ತಿದ್ದ ಕಾಲು ಅದು. ನನಗೆ ಅಳು ಬಂತು. ಬದುಕಿಡೀ ದೇವರ ಮುಂದೆ ಇಸ್ತ್ರಿ ಹಾಕಿದ ಅಂಗಿಯಲ್ಲೇ ಮೊಣಕಾಲೂರಿದವನು ನಾನು. ಅವನಿಗೆ ಬೇಕಿದ್ದದ್ದು ನಾನು ಬಚ್ಚಿಟ್ಟಿದ್ದೇ ಎಂದು ಯಾರಾದರೂ ಮೊದಲೇ ಹೇಳಬಾರದಿತ್ತೇ? (ಪ್ರತಿ ಭಾನುವಾರ ಪ್ರವಚನದಲ್ಲಿ ಹೇಳುತ್ತಿದ್ದರಂತೆ. ನಾನು ಅದರಲ್ಲಿ ತಪ್ಪು ಹುಡುಕುತ್ತಾ ಕೂತಿರುತ್ತಿದ್ದೆ.)

ಮನೆಯಲ್ಲಿ ಹೇಳುವ ಅಗತ್ಯವೇ ಬೀಳಲಿಲ್ಲ. ಪೂಜೆ ಮುಗಿಯುವಷ್ಟರಲ್ಲಿ ಫಿಲೋಮಿನಾ ನನ್ನ ಕುರ್ಚಿಯ ಪಕ್ಕ ನಿಂತಿದ್ದಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಆಟೋ ಕಾಳಿ ಸೇತುವೆ ದಾಟುವಾಗ ಕೇಳಿದಳು.

"ನಂಗೆ ಹೆದ್ರಕಂಡು ಹೇಳ್ಲಿಲ್ವೋ, ನಾಚ್ಕಂಡು ಹೇಳ್ಲಿಲ್ವೋ?"

"ನಾಚ್ಕಂಡು," ಎಂದೆ.

"ನಾ ಇಷ್ಟು ವರ್ಷ ನಿಮ್ ಮುಂದೆ ನಾಚ್ಕಂಡೇ ಗುಳಿಗೆ ನುಂಗ್ತಾ ಬಂದೆ," ಎಂದು ಹೊಳೆಯ ಕಡೆ ಮುಖ ತಿರುಗಿಸಿದಳು.

 

ಡಾಕ್ಟರು ಚೆನ್ನಾಗಿ ಉಗಿದರು. ಇನ್ನೂ ತಡ ಮಾಡಿದ್ದರೆ ಬೆರಳು ತೆಗೆಯಬೇಕಾಗುತ್ತಿತ್ತಂತೆ. ಬೆರಳು ಉಳಿದಿದೆ. ದಿನಾ ಬೆಳಿಗ್ಗೆ ಫಿಲೋಮಿನಾ ನೆಲದ ಮೇಲೆ ಕೂತು, ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಡ್ರೆಸ್ಸಿಂಗ್ ಮಾಡುತ್ತಾಳೆ. ಯಾರಾದರೂ ಬಂದರೂ ಈಗ ನಾನು ಕಾಲು ಎಳೆದುಕೊಳ್ಳುವುದಿಲ್ಲ. ಅಂತೂ ಬದಲಾದೆನಲ್ಲ ಎಂದು ನನ್ನ ಮೇಲೆ ನನಗೇ ಮೆಚ್ಚುಗೆ ಮೂಡಿತ್ತು.

ಮೊನ್ನೆ ಬಾಯಿತಪ್ಪಿ, "ಪಟ್ಟಿ ಸ್ವಲ್ಪ ಸೊಟ್ಟ ಆಯ್ತು ನೋಡು," ಎಂದೆ.

ಅವಳು ಕತ್ತರಿ ಕೆಳಗಿಟ್ಟಳು. "ಫಾದರಿಗೂ ಹಿಂಗೇ ಹೇಳಿದ್ರಾ?"

ಇಲ್ಲ, ಹೇಳಿರಲಿಲ್ಲ. ಫಾದರ್ ಮುಂದೆ ಕಾಲು ಚಾಚಲು ಒಂದು ಗುರುವಾರ ಸಾಕಾಯಿತು. ಹೆಂಡತಿಯ ಮುಂದೆ ಬಾಯಿ ಮುಚ್ಚಿಕೊಂಡಿರಲು ಇನ್ನೆಷ್ಟು ಗುರುವಾರ ಬೇಕೋ?