ವಾದ ಗೆದ್ದವನ ಬುಟ್ಟಿ

ಶಿವಮೊಗ್ಗದಲ್ಲಿ ಇಂಟರ್‌ಮೀಡಿಯೆಟ್ ಓದುವಾಗ ಗೆಳೆಯನ ಅಜ್ಜ ತೀರಿಕೊಂಡರು. ಭದ್ರಾವತಿಯ ಓಲ್ಡ್ ಟೌನ್ ಖಬರಸ್ತಾನದಲ್ಲಿ ನಾವೇ ಗೋರಿ ತೋಡಿದೆವು. ಗೆಳೆಯ ಗುಂಡಿಯೊಳಗಿದ್ದ. ಮಣ್ಣಿನ ರಾಶಿಯ ಭಾರಕ್ಕೆ ಒದ್ದೆ ಅಂಚು ಅವನ ಮೇಲೇ ಕುಸಿಯುವಂತಿತ್ತು.

"ರಾಶಿ ದೂರ ಹಾಕೋಣ ಚಾಚಾ," ಎಂದೆ ಅವನ ಚಿಕ್ಕಪ್ಪನಿಗೆ.

"ಬಂದೋರೆಲ್ಲ ಮೂರು ಹಿಡಿ ಮಣ್ಣು ಹಾಕ್ಬೇಕಲ್ಲೋ. ಹತ್ರಾನೇ ಇರ್ಲಿ."

"ಅದಕ್ಕೆ ಒಂದು ಬುಟ್ಟಿ ಸಾಕು!"

"ಒಪ್ಕೊಂಡ್ಬಿಡಿ ಚಾಚಾ," ಗುಂಡಿಯಿಂದ ಗೆಳೆಯ ಕೂಗಿದ. "ಇವನ ಜೊತೆ ವಾದ ಮಾಡಿ ಅಜ್ಜನೇ ಸೋತಿದ್ರು!"

ಚಾಚಾ ನಕ್ಕುಬಿಟ್ಟರು. "ಗೆದ್ದೆ ಮಾರಾಯ. ರಾಶೀನೂ ನೀನೇ ಹೊರು."

ಹೊತ್ತೆ, ಕುಣಿಯುತ್ತಲೇ ಹೊತ್ತೆ. ಗೆಳೆಯ ಕ್ಷೇಮವಾಗಿ ಮೇಲೆ ಬಂದ. ಅಜ್ಜನನ್ನು ಗೋರಿಗಿಳಿಸಿ, ಎಲ್ಲರೂ ಬುಟ್ಟಿಯಿಂದ ಮಣ್ಣು ಹಾಕಿದರು. ನನ್ನ ಸರದಿಗೆ ಬುಟ್ಟಿ ಖಾಲಿ!

"ಒಂದು ಸಾಕು ಅಂದಿದ್ಯಲ್ಲೋ," ಚಾಚಾ ಪಿಸುಗುಟ್ಟಿದರು.

ನಗು ತಡೆಯಲು ತುಟಿ ಕಚ್ಚಿಕೊಂಡು, ದೂರದ ರಾಶಿಯತ್ತ ಓಡಿದೆ.