ಕೆಂಪು ದಾರದ ಜಾರು

ಆವತ್ತು ನನ್ನ ಮಗಳ ಹೊಟ್ಟೆಗೆ ಶೇಂಗಾ ಹಾಕಿದವಳು ನಾನು. ನಮ್ಮ ಅತ್ತೆ ಅಲ್ಲ.

ಇಷ್ಟು ಬರೆಯಲು ನನಗೆ ಒಂಬತ್ತು ವರ್ಷ ಬೇಕಾಯಿತು. ಅಷ್ಟರಲ್ಲಿ ಅತ್ತೆ ಹೋಗಿಬಿಟ್ಟರು. ಕೇಳಿಸಿಕೊಳ್ಳಬೇಕಾದವರು ಇಲ್ಲದ ಮೇಲೆ ಹೇಳುವುದು ಎಷ್ಟರ ಮಾತು ಎಂದು ನೀವು ಕೇಳಬಹುದು. ಕೇಳಿ. ನಾನು ಹತ್ತನೆಯ ತರಗತಿವರೆಗೆ ಓದಿದವಳು, ಚೆಂದಗೊಳಿಸಿ ಹೇಳಲು ಬಾರದು. ನಡೆದದ್ದನ್ನು ನಡೆದ ಹಾಗೆ ಹೇಳಲು ಬರುತ್ತದೆ.

ನಮ್ಮ ಮನೆ ಬಳ್ಳಾರಿಯ ಕೌಲ್‌ಬಜಾರಿನಲ್ಲಿ. ನಾನು, ನನ್ನ ಗಂಡ, ಮಗಳು ಸ್ಫೂರ್ತಿ, ಅತ್ತೆ ಹುಲಿಗೆಮ್ಮ — ನಾಲ್ಕೇ ಜನ. ಸ್ಫೂರ್ತಿಗೆ ಎರಡು ವರ್ಷವಿದ್ದಾಗ ಒಂದು ಚೂರು ಶೇಂಗಾ ಚಿಕ್ಕಿ ತಿಂದು ಮೈಯೆಲ್ಲ ದದ್ದು ಎದ್ದಿತು, ತುಟಿ ಊದಿತು. ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದರು: ಈ ಮಗುವಿಗೆ ಶೇಂಗಾ ಆಗದು, ಮುಂದಿನ ಸಲ ಬರೀ ದದ್ದಿಗೆ ನಿಲ್ಲಲಿಕ್ಕಿಲ್ಲ. ಬೇರೆ ಕಡೆಯವರಿಗೆ ಇದು ಸಣ್ಣ ಮಾತು ಅನ್ನಿಸಬಹುದು. ನಮ್ಮ ಕಡೆ ರೊಟ್ಟಿಯ ಪಕ್ಕ ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ, ಬದನೆಕಾಯಿಯ ಹೊಟ್ಟೆಯೊಳಗೆ ಶೇಂಗಾ ಪುಡಿ, ಹಬ್ಬಕ್ಕೆ ಶೇಂಗಾ ಹೋಳಿಗೆ, ಉಪವಾಸದ ದಿನವೂ ಶೇಂಗಾ. ಸಿರುಗುಪ್ಪದಲ್ಲಿರುವ ನಮ್ಮವ್ವ ಫೋನಿನಲ್ಲಿ ನಕ್ಕೇಬಿಟ್ಟಿದ್ದಳು — "ಶೇಂಗಾ ಆಗಂಗಿಲ್ಲಂದ್ರ ಏನಲೇ ಅದು? ನೀರು ಆಗಂಗಿಲ್ಲ ಅಂದಂಗಾತು!"

ನಾನು ನಗಲಿಲ್ಲ. ಕಲಿತೆ. ಬಿಸ್ಕತ್ತಿನ ಪಾಕೀಟಿನ ಹಿಂದಿನ ಸಣ್ಣ ಅಕ್ಷರಗಳನ್ನು ಓದುವುದು, ಬೇಕರಿಯವನಿಗೆ ಯಾವ ಎಣ್ಣೆ ಎಂದು ಕೇಳುವುದು, ಅಂಗನವಾಡಿ ಟೀಚರಿಗೆ ಚೀಟಿ ಬರೆದು ಕೊಡುವುದು, ಮದುವೆ ಮನೆಗೆ ಮಗಳ ಡಬ್ಬಿ ಬೇರೆ ಒಯ್ಯುವುದು — ಎಲ್ಲ. ಅತ್ತೆಗೆ ಸಕ್ಕರೆ ಕಾಯಿಲೆ ಬೇರೆ. ಅವರಿಗೆ ನವಣೆ ಅನ್ನ, ಮಗಳಿಗೆ ಶೇಂಗಾ ಇಲ್ಲದ ಪಲ್ಯ, ಗಂಡನಿಗೆ ಶೇಂಗಾ ಹಿಂಡಿ ಇಲ್ಲದೆ ರೊಟ್ಟಿ ಇಳಿಯದು. ಒಂದು ಒಲೆಯ ಮೇಲೆ ಮೂರು ಅಡುಗೆ ನಡೆಸಿದೆ, ಚೆನ್ನಾಗಿಯೇ ನಡೆಸಿದೆ. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಅತ್ತೆ ಪಕ್ಕದ ಮನೆಯವರನ್ನು ಕರೆದು ಹೇಳುತ್ತಿದ್ದರು, "ಬರ್ರಿ ಬರ್ರಿ, ನಮ್ಮ ರೇಣಿ ಠಾಣೆದಾಗ ಹಾಜರಿ ಹಾಕಿ ಊಟಕ್ಕ ಕುಂದರ್ರಿ. ನನ್ನ ಬೆಲ್ಲದ ಡಬ್ಬಿನೂ ಜಪ್ತಿ ಮಾಡ್ಯಾಳ."

ಅತ್ತೆಗೆ ಓದು ಬರಹ ಬಾರದು. ಅದಕ್ಕೇ ನಾನು ಒಂದು ಗುರುತು ಮಾಡಿದ್ದೆ. ಮಿಕ್ಸರಿನ ಎರಡು ಸಣ್ಣ ಜಾರುಗಳಲ್ಲಿ ಒಂದರ ಹಿಡಿಗೆ ಕೆಂಪು ದಾರ ಕಟ್ಟಿದ್ದೆ. ದಾರ ಇದ್ದದ್ದು ಶೇಂಗಾದ ಜಾರು. ಮಗಳಿಗೆ ಏನು ಮಾಡುವುದಿದ್ದರೂ ದಾರ ಇಲ್ಲದ್ದು. ಆ ದಾರವನ್ನು ಮೀರಿ ಅತ್ತೆ ಒಂದು ದಿನವೂ ಆ ಜಾರು ಮುಟ್ಟಿದವರಲ್ಲ.

ಆ ದಿನದ ಹಿಂದಿನ ಸಂಜೆ ಗಂಡನಿಗೆಂದು ಶೇಂಗಾ ಹಿಂಡಿ ಮಾಡಿದೆ. ಜಾರು ತೊಳೆಯುವಾಗ ದಾರ ಎಣ್ಣೆ ಜಿಡ್ಡಿಗೆ ಕಪ್ಪಾಗಿದ್ದು ಕಂಡಿತು. ಕತ್ತರಿಸಿ ಬಿಸಾಡಿದೆ, ನಾಳೆ ಹೊಸದು ಕಟ್ಟಿದರಾಯಿತು ಎಂದು. ತೊಳೆದೆ ಎಂದುಕೊಂಡಿದ್ದೆ — ಬರೀ ನೀರು ಆಡಿಸಿದ್ದೆ.

ಬೆಳಿಗ್ಗೆ ಉಗ್ಗಾಣಿ. ಮಂಡಕ್ಕಿಯನ್ನು ನೆನೆಸಿ, ಹಿಂಡಿ, ಉಳ್ಳಾಗಡ್ಡಿ ಮೆಣಸಿನಕಾಯಿಯ ಒಗ್ಗರಣೆಗೆ ಹಾಕಿ, ಮೇಲೆ ಪುಠಾಣಿಯ, ಅಂದರೆ ಹುರಿಗಡಲೆಯ, ಹಿಟ್ಟು ಉದುರಿಸುತ್ತೇವಲ್ಲ, ಆ ಹಿಟ್ಟು ಮುಗಿದಿತ್ತು. ಎರಡು ಜಾರು ಪಕ್ಕಪಕ್ಕದಲ್ಲಿ ಒಂದೇ ತರಹ ಬೋರಲು ಬಿದ್ದಿದ್ದವು. ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡು ಪುಠಾಣಿ ಹಾಕಿ ತಿರುಗಿಸಿದೆ. ಮಗಳಿಗೆ ಆಗ ನಾಲ್ಕು ವರ್ಷ. ತಟ್ಟೆ ಅವಳ ಮುಂದಿಟ್ಟು ಬಾಚಣಿಗೆ ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಅತ್ತೆ ಅವಳ ಕೈಯಲ್ಲಿ ಅರ್ಧ ಬಾಳೆಹಣ್ಣು ಇಟ್ಟಿದ್ದರು. ಸ್ವಲ್ಪ ಹೊತ್ತಿಗೆ ಮಗು ಗಂಟಲು ಹಿಡಿದುಕೊಂಡು ಕೆಮ್ಮತೊಡಗಿತು. ಕಣ್ಣು ಊದಿ ಮುಚ್ಚಿದವು. ಆಟೋದಲ್ಲಿ ಅವಳ ಉಸಿರು ಸೀಟಿ ಊದಿದ ಹಾಗೆ... ಆ ಸದ್ದನ್ನು ನಾನು ಬರೆಯಲಾರೆ.

ಆಸ್ಪತ್ರೆಯಲ್ಲಿ ತೊಡೆಗೆ ಇಂಜೆಕ್ಷನ್ ಕೊಟ್ಟರು. ಮಗು ಉಳಿಯಿತು. ಹೊರಗಿನ ಬೆಂಚಿನ ಹತ್ತಿರ ಗಂಡ ಕೇಳಿದರು, "ಮನಿಯಾಗ ಇಷ್ಟ್ ಬಂದೋಬಸ್ತ್ ಐತಿ. ಶೇಂಗಾ ಎಲ್ಲಿಂದ ಬಂತು?"

ನಾನು ಹೇಳಿದೆ, "ಉಗ್ಗಾಣಿ ನಾನಽ ಮಾಡೀನಿ, ಅದರಾಗ ಇಲ್ಲ. ಅತ್ತಿ ಏನರ ಕೊಟ್ಟಿರ್ಬೇಕು."

ಹೇಳುವಾಗ ಅದನ್ನು ನಾನು ನಂಬಿದ್ದೆ. ಅಷ್ಟು ಮಾತ್ರ ನಿಜ.

ಅವರು ತಮ್ಮ ಅವ್ವನ ಕಡೆ ತಿರುಗಿದರು. "ಎಷ್ಟ್ ಸಲ ಹೇಳ್ಬೇಕಬೇ ನಿನಗ? ಕೂಸು ಸತ್ತಿದ್ರ?"

"ಬಾಳೆಹಣ್ಣು ಅರ್ಧ ಕೊಟ್ಟೀನಪಾ. ಬ್ಯಾರೆ ಏನೂ..." ಎಂದ ಅತ್ತೆ ಅಲ್ಲಿಗೆ ನಿಲ್ಲಿಸಿ ತಮ್ಮ ಅಂಗೈ ನೋಡಿಕೊಂಡರು. ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಕೈಗೆ ಹತ್ತಿತ್ತೇನೋ," ಎಂದರು.

ಮಧ್ಯಾಹ್ನ ಮಗಳ ಬಟ್ಟೆ ತರಲು ನಾನೊಬ್ಬಳೇ ಮನೆಗೆ ಬಂದೆ. ಜಾರು ಬಚ್ಚಲಲ್ಲಿ ಹಾಗೆಯೇ ಇತ್ತು. ಬ್ಲೇಡಿನ ಕೆಳಗೆ ತಿಳಿ ಹಳದಿ ಪುಠಾಣಿ ಹಿಟ್ಟಿನ ನಡುವೆ ಕೆಂಪಗೆ, ಜಿಡ್ಡು ಜಿಡ್ಡಾಗಿ, ಶೇಂಗಾದ ಸಿಪ್ಪೆಯ ಚೂರುಗಳು. ಮೂಸಿದೆ. ಬಾಣಲೆಯಲ್ಲಿ ಉಳಿದ ಉಗ್ಗಾಣಿಯಿಂದ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ — ಸಂಶಯಕ್ಕೆ ಜಾಗವೇ ಇರಲಿಲ್ಲ. ಶೇಂಗಾದ ಚೀಲ ಅಟ್ಟದ ಮೇಲಿತ್ತು. ಅತ್ತೆ ಆವತ್ತು ಶೇಂಗಾ ಮುಟ್ಟಿಯೇ ಇರಲಿಲ್ಲ.

ನಾನು ಬಾಣಲೆ ತೊಳೆದೆ. ಬ್ಲೇಡು ಬಿಚ್ಚಿ, ಸೋಪು ಹಚ್ಚಿ, ಕಡ್ಡಿ ಹಾಕಿ ಕೆದಕಿ ಜಾರು ತೊಳೆದೆ. ಹೊಲಿಗೆ ಡಬ್ಬಿಯಿಂದ ಹೊಸ ಕೆಂಪು ದಾರ ತೆಗೆದು ಹಿಡಿಗೆ ಎರಡು ಗಂಟು ಹಾಕಿದೆ. ಬಟ್ಟೆ ತೆಗೆದುಕೊಂಡು ಆಸ್ಪತ್ರೆಗೆ ವಾಪಸು ಹೋದೆ, ಏನೂ ಹೇಳಲಿಲ್ಲ.

ಬೆಂಚಿನ ಹತ್ತಿರ ಆಡಿದ್ದು ತಿಳಿಯದೆ ಆಡಿದ ಮಾತು. ದಾರ ಕಟ್ಟಿದ್ದು ತಿಳಿದೇ. ಎಲ್ಲರಿಗೂ ನಿಯಮ ಹಾಕಿದವಳು ತಾನೇ ಮುರಿದಳು ಎಂದು ಹೇಳಲು ನನ್ನ ನಾಲಿಗೆ ಏಳಲಿಲ್ಲ. ಇದನ್ನು ಸಬೂಬು ಎಂದು ಹೇಳುತ್ತಿಲ್ಲ. ಇದೇ ತಪ್ಪು.

ಮಗಳನ್ನು ಕರೆದುಕೊಂಡು ಬಂದ ದಿನ ಅತ್ತೆ ಹೊಸ ದಾರ ಗಮನಿಸಿದರು. "ಹೊಸಾದು ಕಟ್ಟೀ? ಚಲೋ ಮಾಡ್ದಿ ನೋಡವಾ. ನನ್ನಂಥಾಕಿಗೆ ಗುರ್ತು ಬೇಕು," ಎಂದರು. ಆಗಲಾದರೂ ನಾನು...

ಇಲ್ಲ. ಹೇಳಲಿಲ್ಲ.

ಮೊದಲೆಲ್ಲ ಸಂಜೆ ಅತ್ತೆ ದೊಡ್ಡ ತಟ್ಟೆಯಲ್ಲಿ ಅನ್ನ ಸಾರು ಕಲಸಿಕೊಂಡು ಕಟ್ಟೆಯ ಮೇಲೆ ಕೂರುತ್ತಿದ್ದರು. ಸ್ಫೂರ್ತಿಯ ಜೊತೆ ಓಣಿಯ ಮಕ್ಕಳೂ ಬಂದು ಬಾಯಿ ತೆರೆಯುತ್ತಿದ್ದವು. "ಲೇ, ನಿಂದಾತು, ಹಿಂದಕ್ಕ ಸರಿ! ಬಾಯೋ ಬಾವಿಯೋ ಇದು?" ಎಂದು ಬೈಯುತ್ತ ಒಂದೊಂದೇ ತುತ್ತು. ಆಸ್ಪತ್ರೆಯಿಂದ ಬಂದ ಮೇಲೆ ಅವರು ಮತ್ತೆ ಆ ತಟ್ಟೆ ತೆಗೆಯಲಿಲ್ಲ. ಮೊಮ್ಮಗಳಿಗೆ ಕೈತುತ್ತು ಕೊಡಲಿಲ್ಲ. ಅವಳು ಅತ್ತು ಕರೆದರೆ "ನಿಮ್ಮವ್ವ ಕೊಡ್ತಾಳ ಹೋಗು ಬಂಗಾರಾ" ಎಂದು ಕೈಯನ್ನು ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದರು. ಅಟ್ಟದ ಮೇಲಿನ ಚೀಲವನ್ನು ಅವರೇ ಇಳಿಸಿ ಕುರುಗೋಡಿನಲ್ಲಿದ್ದ ತಮ್ಮ ಮಗಳ ಮನೆಗೆ ಕಳಿಸಿದರು. ಎಲ್ಲೇ ಹೋದರೂ ತಾವೂ ಶೇಂಗಾ ತಿನ್ನುವುದನ್ನು ಬಿಟ್ಟರು. ಕಾಶಿಗೆ ಹೋದವರು ಇಷ್ಟದ ಪದಾರ್ಥವನ್ನು ಬಿಟ್ಟು ಬರುತ್ತಾರಲ್ಲ, ಹಾಗೆ. ಅವರಿಗೆ ಶೇಂಗಾ ಹೋಳಿಗೆ ಎಂದರೆ ಪ್ರಾಣ.

ಸುದ್ದಿ ಊರೂರು ತಿರುಗಿತು. ಸಿರುಗುಪ್ಪದ ನಮ್ಮವ್ವ ಅದನ್ನು ಬೀಗರ ಮನೆಗಳಲ್ಲೆಲ್ಲ ಹೇಳಿದಳು. ಒಮ್ಮೆ ಕುರುಗೋಡಿನಲ್ಲಿ ಒಂದು ತೊಟ್ಟಿಲ ಕಾರ್ಯ. ಅತ್ತೆ ಯಾರದೋ ಮಗುವಿಗೆ ಹಣ್ಣು ಕೊಡಲು ಕೈ ಚಾಚಿದರು. ಒಬ್ಬಾಕೆ ಗಟ್ಟಿಯಾಗಿ ಕೂಗಿದಳು, "ಹುಲಿಗೆಮ್ಮಜ್ಜಿ, ಮೊದ್ಲು ಕೈ ತೊಳಕೊಂಡು ಬಾ! ನಿಂದು ಡೇಂಜರ್ ಕೈ!" ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು. ನಗುತ್ತಲೇ ಎದ್ದು ಹೋಗಿ ಕೈ ತೊಳೆದುಕೊಂಡರು, ಆದರೆ ಮತ್ತೆ ಆ ಮಗುವಿನ ಹತ್ತಿರ ಬರಲಿಲ್ಲ. ನಾನು ಎಲೆ ಅಡಿಕೆಯ ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತಿದ್ದೆ.

ಎಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಒಂದು ದಿನ ಜೋಳ ಹಸನು ಮಾಡುತ್ತ ಕೂತಾಗ ಅತ್ತೆ ಇದ್ದಕ್ಕಿದ್ದಂತೆ ಕೇಳಿದರು.

"ರೇಣಿ, ಆವತ್ತು ನಾ ಏನ್ ಕೊಟ್ಟಿದ್ನವಾ? ಬಾಳೆಹಣ್ಣಿಂದು ನೆಪ್ಪೈತಿ. ಮತ್ತೇನ್ ಕೊಟ್ಟೆ? ಎಷ್ಟ್ ನೆನಸಿದ್ರೂ ನೆಪ್ಪಾಗವಲ್ದು."

ನಾನು ಮೊರದಿಂದ ತಲೆ ಎತ್ತದೆ ಹೇಳಿದೆ, "ಬಿಡ್ರಿ ಅತ್ತಿ, ಆಗಿದ್ದು ಆತು. ನನ್ನ ಮನಸ್ಸಿನ್ಯಾಗ ಏನೂ ಇಲ್ಲ."

ನಾನು ಅವರನ್ನು ಕ್ಷಮಿಸಿದೆ. ನೋಡಿ, ನಾನು ಅವರನ್ನು ಕ್ಷಮಿಸಿದೆ. ಅವರು ನನ್ನ ಗದ್ದ ಹಿಡಿದು "ದೊಡ್ಡ ಮನಸ್ಸು ನಿಂದು" ಎಂದರು.

ಹೋದ ವರ್ಷ ಅವರು ತೀರಿಕೊಂಡರು. ಕೊನೆಯ ವಾರ ಆಸ್ಪತ್ರೆಯಲ್ಲಿ ನಾನೇ ಇದ್ದೆ. ಗಂಜಿ ಕುಡಿಸಿದೆ, ಬೆನ್ನು ಒರೆಸಿದೆ. ಹೇಳಲು ಬೇಕಾದಷ್ಟು ಹೊತ್ತಿತ್ತು. ಅವರಿಗೆ ಎಚ್ಚರವೂ ಇತ್ತು.

ಮೊನ್ನೆ ವರ್ಷದ ಎಡೆ. ಕುರುಗೋಡಿನಲ್ಲಿ, ಗಂಡನ ಅಕ್ಕ ಈರಮ್ಮಕ್ಕನ ಮನೆಯಲ್ಲಿ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಫೋಟೋದ ಮುಂದೆ ಎಲೆಗೆ ಬಡಿಸುವುದು ಪದ್ಧತಿ. ಬೆಳಿಗ್ಗೆ ಅಡುಗೆಮನೆಯಲ್ಲಿ ಈರಮ್ಮಕ್ಕ ಲೆಕ್ಕ ಹಾಕುತ್ತಿದ್ದಳು: "ಕಡಬು, ಮೆಣಸಿನಕಾಯಿ ಬಜ್ಜಿ, ಬದ್ನಿಕಾಯಿ... ಶೇಂಗಾ ಹೋಳಿಗಿ ಬ್ಯಾಡ. ಅವ್ವ ಶೇಂಗಾ ಬಿಟ್ಟಿದ್ಲು. ಬಿಟ್ಟಿದ್ದು ಎಡೀಗೆ ಇಡಬಾರ್ದು."

ಬಾಗಿಲಲ್ಲಿ ನನ್ನ ಗಂಡ ನಿಂತಿದ್ದರು. ಸ್ಫೂರ್ತಿ ಹೊಸ್ತಿಲ ಆಚೆ ಹೂ ಕಟ್ಟುತ್ತಿದ್ದಳು. ಆ ಎಲೆಯ ಮೇಲೂ ನನ್ನ ಸುಳ್ಳೇ ಬಡಿಸಿಕೊಳ್ಳುತ್ತದೆ ಎಂದು ನನಗೆ ಆಗ ಹೊಳೆಯಿತು. ಅತ್ತೆ ಸತ್ತ ಮೇಲೂ ಅವರ ಬಾಯಿಂದ ನಾನು ಶೇಂಗಾ ಕಸಿಯುತ್ತಿದ್ದೆ.

"ಅತ್ತಿ ಬಿಟ್ಟಿದ್ದಿಲ್ರೀ ಅಕ್ಕಾ, ನಾ ಬಿಡಿಸಿದ್ದೆ," ಎಂದೆ.

ಜಾರು, ದಾರ, ಸಿಪ್ಪೆ, ಸೋಪು — ಬಿಟ್ಟು ಬಿಡದೆ ಹೇಳಿದೆ. ಅಳಲಿಲ್ಲ, ಅತ್ತರೆ ಅವರೇ ನನ್ನನ್ನು ಸಮಾಧಾನ ಮಾಡಬೇಕಾಗುತ್ತಿತ್ತು.

ಈರಮ್ಮಕ್ಕ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. ಆಮೇಲೆ ಕೇಳಿದಳು, "ನೀ ನಮ್ಮವ್ವಗ ಮಾಫಿ ಮಾಡಿದ್ದಿ, ಹೌದಲ್ಲೋ? ಅಕಿ ನನ್ನ ಮುಂದ ಹೇಳಿ ಹೇಳಿ ಹೊಗಳ್ತಿದ್ಲು."

"ಹೌದ್ರಿ," ಎಂದೆ.

ಗಂಡ "ನಾ ಅಕಿಗೆ ಬೈದಿದ್ದೆ" ಎಂದಷ್ಟೇ ಹೇಳಿ ಅಂಗಳಕ್ಕೆ ಇಳಿದರು. ಇಂದಿನವರೆಗೂ ಅವರು ನನ್ನ ಜೊತೆ ಹೆಚ್ಚು ಮಾತಾಡಿಲ್ಲ. ನಾನೂ ಮಾತಾಡಿಸಿ ಅವಸರ ಮಾಡುತ್ತಿಲ್ಲ.

ಸ್ಫೂರ್ತಿಗೆ ಈಗ ಹದಿಮೂರು. ಹೂವಿನ ದಾರ ಕೈಯಲ್ಲಿ ಹಿಡಿದೇ ಕೇಳಿದಳು, "ಅಜ್ಜಿಗೆ ಗೊತ್ತಿತ್ತೇನಮ್ಮ?"

"ಇಲ್ಲ."

"ಕಡೀತನಕಾನೂ?"

"ಕಡೀತನಕಾನೂ ಇಲ್ಲ."

ಈರಮ್ಮಕ್ಕ ಶೇಂಗಾ ಹುರಿದಳು. ಸ್ಫೂರ್ತಿ ತಾನಾಗಿಯೇ ಎದ್ದು ಪಕ್ಕದ ಮನೆಗೆ ಹೋಗಿ ಕೂತಳು. ಯಾವ ಹೊಗೆ, ಯಾವ ಪುಡಿಯಿಂದ ಎಷ್ಟು ದೂರ ಇರಬೇಕೆಂದು ಅವಳಿಗೆ ಚೆನ್ನಾಗಿ ಗೊತ್ತು. ಒಂಬತ್ತು ವರ್ಷಗಳ ನಂತರ ಅತ್ತೆಯ ಎಲೆಗೆ ಶೇಂಗಾ ಹೋಳಿಗೆ ಬಿತ್ತು, ಮೇಲೆ ತುಪ್ಪ.

ಪೂಜೆ ಮುಗಿದ ಮೇಲೆ ಸ್ಫೂರ್ತಿ ಬಾಗಿಲ ಹತ್ತಿರ ಬಂದು ನಿಂತಳು. ಆ ಎಲೆಯಲ್ಲಿ ಅವಳು ಮುಟ್ಟುವಂಥದ್ದು ಏನೂ ಇರಲಿಲ್ಲ. ತಾನು ಮೊದಲೇ ತನ್ನ ಡಬ್ಬಿಯ ಚೀಲದಲ್ಲಿ ಬೇರೆ ಇಟ್ಟುಕೊಂಡಿದ್ದ ಒಂದು ಬಾಳೆಹಣ್ಣನ್ನು ತೆಗೆದಳು. ಸುಲಿದು ಮುರಿದಳು. ಅರ್ಧವನ್ನು ಅಜ್ಜಿಯ ಫೋಟೋದ ಕಡೆ ಎತ್ತಿ ತೋರಿಸಿ, ಹೊಸ್ತಿಲ ಮೇಲೆ ಒಂದು ಎಲೆ ಹಾಸಿ ಅದರ ಮೇಲಿಟ್ಟಳು. ಉಳಿದರ್ಧವನ್ನು ಅಲ್ಲೇ ನಿಂತು, ನಿಧಾನವಾಗಿ ತಿಂದಳು. ನನ್ನ ಕಡೆ ನೋಡಲಿಲ್ಲ.

ಅವಳು ನೋಡಲಿ ಎಂದು ನಾನು ಇದನ್ನು ಬರೆದಿಲ್ಲ. ಆವತ್ತು ಸಂಜೆಯೇ ಕುರುಗೋಡಿನ ಆ ಓಣಿಯಲ್ಲಿ, ತೊಟ್ಟಿಲ ಕಾರ್ಯದ ದಿನ ನಕ್ಕವರ ಮನೆಗಳಿಗೆ ಹೋಗಿ ಹೇಳಿ ಬಂದೆ. ಕೆಲವರಿಗೆ ಅದು ನೆನಪೇ ಇರಲಿಲ್ಲ. ಆದರೂ ಕೂತು ಪೂರ್ತಿ ಹೇಳಿದೆ. ಇನ್ನು ಸಿರುಗುಪ್ಪ ಉಳಿದಿದೆ, ನಮ್ಮವ್ವ ಹೇಳಿಕೊಂಡು ಬಂದ ಬೀಗರ ಮನೆಗಳು. ನಾಳೆ ಬೆಳಗಿನ ಬಸ್ಸಿಗೆ ಹೋಗುತ್ತೇನೆ. ಹೇಳಬೇಕಾದ ಮಾತು ಉದ್ದವಿಲ್ಲ: ಆವತ್ತು ನಮ್ಮ ಅತ್ತೆಯ ಕೈಯಲ್ಲಿದ್ದದ್ದು ಅರ್ಧ ಬಾಳೆಹಣ್ಣು.